ಎಂಬತ್ತು ಗೋಲು ಹೊಡೆದವನ ನಾಲ್ಕು ಮ್ಯಾಚು

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಕೊಡಗು. ಕೆನಡಾದವರಿಗೆ ಹಾಕಿ ಅಂದ್ರೆ ಐಸ್ ಮೇಲಿನ ಆಟ, ಅಷ್ಟೇ. ಕಾಲಿಗೆ ಸ್ಕೇಟ್ಸ್, ಚೆಂಡಿನ ಬದಲು ಪಕ್ ಅನ್ನೋ ಗಟ್ಟಿ ರಬ್ಬರಿನ ಬಿಲ್ಲೆ, ಒಂದು ಕಡೆಗೆ ಗೋಲ್‌ಕೀಪರ್ ಸೇರಿ ಆರೇ ಜನ. 2025ರ ಏಪ್ರಿಲ್ 6ರಂದು ಅಲೆಕ್ಸ್ ಒವೆಚ್ಕಿನ್ ತನ್ನ 895ನೇ ಗೋಲು ಹೊಡೆದು ವೇಯ್ನ್ ಗ್ರೆಟ್ಸ್ಕಿಯ 894ರ ದಾಖಲೆ ಮುರಿದ. ಮರುದಿನ ನಮ್ಮ ಟೀಮಿನ ಕೆನಡಾ ಗೆಳೆಯರ ಬಾಯಲ್ಲಿ ಬೇರೆ ಮಾತೇ ಇಲ್ಲ. ಇದೇನಪ್ಪಾ ಅಂತ ನಾನೂ ಹಳೇ ಅಂಕಿಗಳನ್ನು ಕೆದಕುತ್ತಾ ಕೂತೆ.

ಈ ಅಂಕಿಗಳು ನೋಡೋಕಷ್ಟೇ ಸರಳ. ಎನ್‌ಎಚ್‌ಎಲ್ ಲೀಗಿನ ಮೊದಲ ಸೀಸನ್ನಾದ 1917-18ರಲ್ಲಿ ಜೋ ಮಲೋನ್ 20 ಮ್ಯಾಚಿಗೆ 44 ಗೋಲು ಹೊಡೆದಿದ್ದ. ಆ ಸಂಖ್ಯೆ ದಾಟಿದ್ದು 1944-45ರಲ್ಲಿ, ಮಾಂಟ್ರಿಯಲ್‌ನ ಮೊರೀಸ್ ರಿಷಾರ್. ಅವನದು 50 ಮ್ಯಾಚಿಗೆ 50 ಗೋಲು. ಯುದ್ಧಕ್ಕೆ ಅರ್ಧ ಆಟಗಾರರು ಹೋಗಿದ್ರು, ಅದಕ್ಕೇ ಹೊಡೆದ ಅಂತ ಗೊಣಗಿದವರೂ ಇದ್ದರು. ಮುಂದೆ 1981ರ ಡಿಸೆಂಬರ್ 30ರಂದು ಗ್ರೆಟ್ಸ್ಕಿ ಒಂದೇ ರಾತ್ರಿ ಐದು ಗೋಲು ಬಾರಿಸಿ, 39ನೇ ಮ್ಯಾಚಿಗೇ ಐವತ್ತು ಮುಟ್ಟಿಬಿಟ್ಟ. ಐದನೆಯದು ಖಾಲಿ ಬಲೆಗೆ! ಸೋಲುತ್ತಿದ್ದ ಫಿಲಡೆಲ್ಫಿಯಾದವರು ಇನ್ನೊಬ್ಬ ಆಟಗಾರನನ್ನು ಇಳಿಸೋಕೆ ಅಂತ ಗೋಲ್‌ಕೀಪರನ್ನೇ ಹೊರಗೆ ಕರೆಸಿಕೊಂಡಿದ್ದರು. ಆ ಸೀಸನ್‌ನಲ್ಲಿ ಅವನು ಹೊಡೆದದ್ದು 92. ಆಗ ಮ್ಯಾಚಿಗೆ ಸರಾಸರಿ ಎಂಟು ಗೋಲು ಬೀಳ್ತಿತ್ತು ಅನ್ನೋದನ್ನೂ ಹೇಳಬೇಕು.

ಲೆಕ್ಕದ ಪುಸ್ತಕ ಯಾರದು ಅನ್ನೋದು ಇನ್ನೊಂದು ತಕರಾರು. ಎಪ್ಪತ್ತರ ದಶಕದಲ್ಲಿ ಡಬ್ಲ್ಯುಎಚ್‌ಎ ಅಂತ ಎದುರಾಳಿ ಲೀಗ್ ಇತ್ತು. ನಿವೃತ್ತನಾಗಿದ್ದ ಗೋರ್ಡಿ ಹೋವ್ ವಾಪಸ್ ಬಂದು ಅಲ್ಲಿ ತನ್ನ ಮಕ್ಕಳ ಜೊತೆಗೇ ಆಡಿದ, 174 ಗೋಲು ಹೊಡೆದ. ಎನ್‌ಎಚ್‌ಎಲ್ ಅದನ್ನು ಎಣಿಸೋದಿಲ್ಲ. ಎಣಿಸಿದರೆ ಅವನ 801ರ ಜೊತೆ ಸೇರಿ 975. ಗ್ರೆಟ್ಸ್ಕಿಯೂ ಅಲ್ಲಿ 46 ಹೊಡೆದಿದ್ದ. ಅಂದ್ರೆ ಆ ಏಪ್ರಿಲ್‌ನಲ್ಲಿ ಒವೆಚ್ಕಿನ್‌ಗೆ ಹಾಕಿದ ಹಾರ, ಬೇರೆ ಪುಸ್ತಕ ತೆರೆದರೆ ಹೋವ್‌ನ ಕೊರಳಿಗೇ ಬೀಳಬೇಕಿತ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇವರ್ಯಾರೂ ಅಲ್ಲ, ಫಿಲ್ ಲಾಟ್ರೈಲ್ ಅನ್ನೋ ಹುಡುಗ. ಮಾಂಟ್ರಿಯಲ್‌ನವನು, ಅಮೆರಿಕದ ವರ್ಮಾಂಟ್‌ನಲ್ಲಿರೋ ಮಿಡಲ್‌ಬರಿ ಅನ್ನೋ ಸಣ್ಣ ಕಾಲೇಜಿಗೆ ಓದೋಕೆ ಹೋದ. ಅಲ್ಲಿ ಹೊಡೆದದ್ದು ಒಟ್ಟು 250 ಗೋಲು. 1960-61ರ ಕೊನೇ ಸೀಸನ್ ಒಂದರಲ್ಲೇ 80, ಅದೂ ಇಪ್ಪತ್ತು ಚಿಲ್ಲರೆ ಮ್ಯಾಚಿನಲ್ಲಿ. ಓದಿದಾಗ ಟೈಪಿಂಗ್ ಮಿಸ್ಟೇಕ್ ಇರಬೇಕು ಅಂದುಕೊಂಡೆ.

ಅದೇ ಸೀಸನ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ಅವನನ್ನು ಐಸಿಗೆ ಇಳಿಸಿತು. ನಾಲ್ಕು ಮ್ಯಾಚು, ಗೋಲು ಸೊನ್ನೆ. ಎನ್‌ಎಚ್‌ಎಲ್‌ನಲ್ಲಿ ಮತ್ತೆ ಆಡಲೇ ಇಲ್ಲ.

ಕಾಲೇಜಿನ ಎದುರಾಳಿಗಳು ಲಟಾರಿ, ಅದಕ್ಕೇ ಅಷ್ಟು ಗೋಲು ಅಂತ ತೀರ್ಪು ಕೊಡೋದು ಸುಲಭ. ಸ್ವಲ್ಪ ನಿಜವೂ ಇರಬಹುದು. ಆದರೆ ಆಗ ಲೀಗಿನಲ್ಲಿ ಇದ್ದದ್ದೇ ಆರು ತಂಡ. ಆಟಗಾರರು ಬರ್ತಿದ್ದದ್ದು ಕೆನಡಾದ ಜೂನಿಯರ್ ಲೀಗುಗಳಿಂದ. ಕಾಲೇಜಿನಿಂದ ಬಂದವರನ್ನು ತಂಡಗಳು ಅನುಮಾನದಿಂದಲೇ ನೋಡ್ತಿದ್ದವು. ತಂಡಗಳು ಹನ್ನೆರಡಾಗಿದ್ದು 1967ರಲ್ಲಿ.

ನಾನು ನಮ್ಮೂರ ಹೈಸ್ಕೂಲಿಗೇ ಫಸ್ಟ್. ಬಿಇ ಸೇರಿ ಮೊದಲ ಇಂಟರ್ನಲ್ಸ್‌ನಲ್ಲಿ 25ಕ್ಕೆ 9 ಬಂದಾಗ, ಊರಲ್ಲಿ ಇಷ್ಟು ದಿನ ತಗೊಂಡದ್ದೆಲ್ಲ ಸುಳ್ಳು ಮಾರ್ಕ್ಸಾ ಅಂತ ಹಾಸ್ಟೆಲ್ ಟೆರೇಸಿನಲ್ಲಿ ಕೂತು ಅತ್ತಿದ್ದೆ. ನನಗೆ ಎರಡನೇ ಇಂಟರ್ನಲ್ಸ್ ಇತ್ತು, ಮೂರನೆಯದೂ ಇತ್ತು. ಅವನಿಗೆ ಸಿಕ್ಕಿದ್ದು ನಾಲ್ಕು ಮ್ಯಾಚು.

ಅಮೆರಿಕದ ಕಾಲೇಜು ಹಾಕಿಯ ದಾಖಲೆ ಪುಸ್ತಕದಲ್ಲಿ ಆ 80, ಆ 250 ಎರಡೂ ಇನ್ನೂ ಅವನ ಹೆಸರಲ್ಲೇ ಇವೆ.