ಉಕ್ಕುವ ಪೀಪಾಯಿ

ರಾತ್ರಿ ಅರೆದಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯಿಂದ ಹೊರಚೆಲ್ಲುವುದನ್ನು ನಾವೆಲ್ಲರೂ ಬಲ್ಲೆವು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬಿಯರ್ ಕಾಯಿಸುವವರಿಗೂ ಇದೇ ತೊಡಕು. ಮೊಳಕೆ ಬರಿಸಿ ಕಂದಾಗುವಂತೆ ಒಣಗಿಸಿದ ಜವೆಗೋಧಿಯಿಂದ ಅವರು ಪೋರ್ಟರ್ ಎಂಬ ಕಪ್ಪು ಬಿಯರನ್ನು ಮಾಡುತ್ತಿದ್ದರು; ಅದರಲ್ಲಿ ಕಡುವಾದುದಕ್ಕೆ ಸ್ಟೌಟ್ ಎಂದು ಹೆಸರು. ರಸದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಹುದುಗುವ ರಭಸವೂ ಕಾವೂ ಹೆಚ್ಚು; ಬಾಯಿ ಬಿಗಿದರೆ ಪೀಪಾಯಿಯೇ ಸಿಡಿದೀತು. ಆದುದರಿಂದ ಅವರು ಉಕ್ಕನ್ನು ತಡೆಯದೆ, ನೊರೆ ಕೆಳಗಿನ ತೊಟ್ಟಿಗೆ ಹರಿಯಲು ಬಿಟ್ಟರು. (ಆ ನೊರೆಯನ್ನು ರೊಟ್ಟಿ ಸುಡುವವರು ಕೊಳ್ಳುತ್ತಿದ್ದರು!) ಉಕ್ಕಿಸುವುದು ಯೀಸ್ಟ್ ಎಂಬ ಜೀವಿಯೆಂದು ಶ್ವಾನ್ ಮೊದಲಾದವರು ಹೇಳಿದ್ದು 1837ರಲ್ಲಿ. ಅದಕ್ಕೆ ಮೊದಲು ಕೆಲಸ ಬಲ್ಲವರಿಗೆ ಕಾರಣ ತಿಳಿದಿರಲಿಲ್ಲ.

1767ರಲ್ಲಿ ಲೀಡ್ಸ್ ನಗರಕ್ಕೆ ಬಂದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ಕಾರ್ಖಾನೆಯೊಂದರ ನೆರೆಯಲ್ಲಿ ವಾಸವಾದನು. ಹುದುಗುವ ರಸದ ಮೇಲೆ ನಿಂತ ವಾಯುವಿನಲ್ಲಿ ಉರಿಯುವ ಕಡ್ಡಿ ಆರುವುದನ್ನು ಕಂಡನು. ಆ ವಾಯುವನ್ನು ನೀರಿಗೆ ಬೆರೆಸುವ ಕ್ರಮವನ್ನು 1772ರಲ್ಲಿ ಪ್ರಕಟಿಸಿದನು. ನಮ್ಮ ಜಾತ್ರೆಯ ಸೋಡಾ ಅದರ ಸಂತತಿ.

ಅಂಗಾರಾಮ್ಲವೆಂಬ ಈ ವಾಯು ಗಾಳಿಗಿಂತ ಭಾರ. ಬರಿದಾದ ತೊಟ್ಟಿಯ ತಳದಲ್ಲಿ ಕಾಣದೆ ನಿಲ್ಲುತ್ತದೆ. ತೊಳೆಯಲು ಇಳಿದ ಕೂಲಿಯಾಳು ಉಸಿರುಕಟ್ಟಿ ಸಾಯುವನು, ಎತ್ತಲು ಹೋದವನೂ ಸಾಯುವನು. ತರಗತಿಯಲ್ಲಿ ಪ್ರೀಸ್ಟ್ಲಿಯನ್ನು ಹೇಳುವಾಗ ನಾವು ಇವರನ್ನು ಬಿಟ್ಟೇ ಬಂದೆವು. ಹಾಳುಬಾವಿಗೆ ಇಳಿಯುವ ಮುನ್ನ ನಮ್ಮ ಹಿರಿಯರು ದೀಪವನ್ನು ಇಳಿಸಿ ನೋಡುತ್ತಿದ್ದರು. ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಉರಿದರೂ ಅಪಾಯ ಕಳೆಯಿತೆನ್ನುವಂತಿಲ್ಲ.