ಮುಂಭಾರ, ಹಿಂಭಾರ: ಟ್ರೇಲರ್ ಎಳೆಯುವಾಗ ತೂಕದ ಹಂಚಿಕೆ

ಕಡೂರು ತಾಲ್ಲೂಕಿನ ಯಗಟಿ ಹೋಬಳಿ ಬಯಲುಸೀಮೆಯ ಭಾಗ. ತೆಂಗು, ರಾಗಿ, ಈರುಳ್ಳಿ ಇಲ್ಲಿನ ಮುಖ್ಯ ಬೆಳೆಗಳು. ತೋಟದ ಕಾಯಿ, ಹೊಲದ ರಾಗಿ ಹುಲ್ಲು, ಬೇಸಿಗೆಯ ಟ್ಯಾಂಕರ್ ನೀರು ಎಲ್ಲವೂ ಸಾಗುವುದು ಟ್ರ್ಯಾಕ್ಟರ್ ಹಿಂದಿನ ಟ್ರೇಲರ್‌ನಲ್ಲೇ. ಎಷ್ಟು ಟನ್ ತುಂಬಬಹುದು ಎಂದು ಎಲ್ಲರೂ ವಿಚಾರಿಸುತ್ತಾರೆ. ಆ ತೂಕ ಯಾವ ಗಾಲಿಯ ಮೇಲೆ ಎಷ್ಟು ಬೀಳುತ್ತದೆ ಎಂದು ಕೇಳುವವರು ಕಡಿಮೆ. ಅಪಘಾತ ತಪ್ಪುವುದೂ ಆಗುವುದೂ ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯ ಮೇಲೆ.

ಎತ್ತಿನ ಗಾಡಿಯ ಲೆಕ್ಕ

ಈ ಸೀಮೆಗೆ ಎಳೆತದ ವಿದ್ಯೆ ಹೊಸದಲ್ಲ. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯದ ಸಾಮಾನು ಸಾಗಿಸಿದ ಅಮೃತ ಮಹಲ್ ರಾಸುಗಳ ಕಾವಲುಗಳು ಕಡೂರು, ತರೀಕೆರೆ, ಅಜ್ಜಂಪುರ ಭಾಗದಲ್ಲಿ ಇಂದಿಗೂ ಇವೆ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೂ ಇದೆ. ಗಾಡಿ ಹೂಡುವವರು ಹೇರನ್ನು ಅಚ್ಚಿನ ಹಿಂದೆ ಮುಂದೆ ಸರಿಸಿ ಹದ ನೋಡುತ್ತಿದ್ದರು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕತ್ತನ್ನು ಎತ್ತುತ್ತದೆ. ಸ್ವಲ್ಪ ಮುಂಭಾರ ಇದ್ದರೆ ಗಾಡಿ ಸಲೀಸು. ಎರಡು ಗಾಲಿಯ ಟ್ರೇಲರ್‌ಗೂ ನಿಯಮ ಇದೇ. ಹೆಗಲ ಜಾಗದಲ್ಲಿ ಟ್ರ್ಯಾಕ್ಟರಿನ ಕೊಕ್ಕೆ ಬಂದಿದೆ, ಅಷ್ಟೆ.

ಕೊಕ್ಕೆಯ ಮೇಲಿನ ಭಾರ ಎಲ್ಲಿಗೆ ಹೋಗುತ್ತದೆ?

ಕೊಕ್ಕೆ ಇರುವುದು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗಿಂತ ಹಿಂದೆ. ಹಾಗಾಗಿ ಅಲ್ಲಿ ಬಿದ್ದ ಭಾರ ಹಿಂದಿನ ಗಾಲಿಗಳನ್ನು ಒತ್ತುವುದರ ಜೊತೆಗೆ, ಅವುಗಳನ್ನೇ ಆನಿಕೆ ಮಾಡಿಕೊಂಡು ಮುಂದಿನ ಗಾಲಿಗಳನ್ನು ಎತ್ತುತ್ತದೆ.

ಒಂದು ಮಾದರಿ ಲೆಕ್ಕ ನೋಡೋಣ. ಟ್ರ್ಯಾಕ್ಟರ್ ತೂಕ 2,000 ಕಿಲೊ. ಅದರಲ್ಲಿ ಮುಂದಿನ ಗಾಲಿಗಳ ಮೇಲೆ 800. ಎರಡು ಅಚ್ಚುಗಳ ನಡುವಿನ ದೂರ 2 ಮೀಟರ್. ಕೊಕ್ಕೆ ಹಿಂದಿನ ಅಚ್ಚಿಗಿಂತ 0.6 ಮೀಟರ್ ಹಿಂದಿದೆ. ಹೇರಿದ ಟ್ರೇಲರಿನ ಒಟ್ಟು ತೂಕ 5,000 ಕಿಲೊ, ಕೊಕ್ಕೆಯ ಮೇಲೆ ಬಿದ್ದದ್ದು 500 ಕಿಲೊ. ಆಗ ಮುಂದಿನ ಗಾಲಿಗಳು 150 ಕಿಲೊ ಹಗುರಾಗುತ್ತವೆ, ಹಿಂದಿನವುಗಳ ಮೇಲೆ 650 ಕಿಲೊ ಏರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ. ಹಿಂದಿನ ಗಾಲಿಗೆ ಹಿಡಿತ ಹೆಚ್ಚುತ್ತದೆ.

ಹತ್ತು ಅಡಿ ಹೋದರೆ ಒಂದಡಿ ಏರುವ ದಿಬ್ಬದಲ್ಲಿ ಚಿತ್ರ ಬದಲಾಗುತ್ತದೆ. ಟ್ರೇಲರ್ ಸುಮಾರು 500 ಕಿಲೊ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಕೊಕ್ಕೆ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಮುಂದಿನ ಗಾಲಿಗಳಿಂದ ಇನ್ನೂ 125 ಕಿಲೊ ಹೋಗುತ್ತದೆ. ಟ್ರ್ಯಾಕ್ಟರಿನ ಸ್ವಂತ ತೂಕ ಹಿಂದಕ್ಕೆ ವಾಲಿ ಸುಮಾರು 70 ಕಿಲೊ. ಉಳಿಯುವುದು 455. ಸ್ಟಿಯರಿಂಗ್ ಮಾತು ಕೇಳಬೇಕಾದರೆ ಟ್ರ್ಯಾಕ್ಟರ್ ತೂಕದ ಶೇ. 20, ಅಂದರೆ ಇಲ್ಲಿ 400 ಕಿಲೊ, ಮುಂದಿನ ಗಾಲಿಗಳ ಮೇಲೆ ಇರಬೇಕೆಂಬುದು ಸಾಮಾನ್ಯ ಸುರಕ್ಷತಾ ಸೂತ್ರ. ಕ್ಲಚ್ಚನ್ನು ಸರಕ್ಕನೆ ಬಿಟ್ಟರೆ ಭಾರ ಆ ಮಿತಿಗಿಂತಲೂ ಕೆಳಗಿಳಿಯಬಹುದು.

ಅದೇ ಟ್ರೇಲರನ್ನು ಒಂದು ಮೀಟರ್ ಎತ್ತರದ ಬೇರೆ ರಂಧ್ರಕ್ಕೆ ಸಿಕ್ಕಿಸಿದರೆ ಜಗ್ಗುವಿಕೆಯೊಂದೇ 250 ಕಿಲೊ ಕಸಿಯುತ್ತದೆ, ಮುಂದೆ ಉಳಿಯುವುದು 330. ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚುವುದು ಹೀಗೆ. ಆದ್ದರಿಂದ ಕಂಪನಿ ಕೊಟ್ಟ ಕೊಕ್ಕೆಗೇ ಟ್ರೇಲರ್ ಕಟ್ಟಬೇಕು; ಟಾಪ್ ಲಿಂಕಿನ ಜಾಗಕ್ಕೆ ಎಂದೂ ಕಟ್ಟಬಾರದು.

ಹಿಂಭಾರದ ಅಪಾಯ

ಹೇರು ಟ್ರೇಲರಿನ ಅಚ್ಚಿನ ಹಿಂದೆ ಹೆಚ್ಚಾದರೆ ಕೊಕ್ಕೆಯನ್ನು ಅದು ಮೇಲಕ್ಕೆ ಎತ್ತುತ್ತದೆ. ಎಳೆಯುವ ಗಾಲಿಗಳು ಹಿಡಿತ ತಪ್ಪಿ, ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತವೆ. ರಸ್ತೆಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಕೊಕ್ಕೆಯ ಪಿನ್ನು ತೆಗೆದ ಕ್ಷಣ ಟ್ರೇಲರಿನ ಮೂಕಿ (ಡ್ರಾಬಾರ್) ಮೇಲಕ್ಕೆ ಚಿಮ್ಮಿ ಎದುರಿಗಿದ್ದವರ ದವಡೆಗೆ ಬಡಿಯಬಹುದು.

ಹೇರುವ ಕ್ರಮ

ಕಾಯಿ, ಈರುಳ್ಳಿ ಚೀಲಗಳನ್ನು ಮೊದಲು ಅಚ್ಚಿನ ನೇರಕ್ಕೆ ಜೋಡಿಸಿ, ಬಳಿಕ ಎರಡೂ ಕಡೆ ಹರಡಿ, ಕೊನೆಯ ಕೆಲವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಕೊಕ್ಕೆಯ ಮೇಲೆ ಬಂದರೆ ಹದ. ಆದರೆ ಕೈಪಿಡಿಯಲ್ಲಿ ಹೇಳಿದ ಮಿತಿ ಮೀರಬಾರದು. ಇಳಿಸುವಾಗ ಮುಂದಿನ ಚೀಲಗಳನ್ನೇ ಮೊದಲು ಖಾಲಿ ಮಾಡಿದರೆ ಉಳಿದದ್ದೆಲ್ಲ ಹಿಂಭಾರವಾಗುತ್ತದೆ.

ರಾಗಿ ಹುಲ್ಲು ತೂಕಕ್ಕಿಂತ ಎತ್ತರದಿಂದ ಕಾಡುತ್ತದೆ. ತಿರುವಿನಲ್ಲಿ ಟ್ರೇಲರ್ ಪಕ್ಕಕ್ಕೆ ಮಗುಚುವ ಭಯ. ನೀರಿನ ಟ್ಯಾಂಕರ್ ಪೂರ್ತಿ ತುಂಬಿದ್ದಾಗಿನದಕ್ಕಿಂತ ಅರ್ಧ ತುಂಬಿದ್ದಾಗ ಹೆಚ್ಚು ಹೊಯ್ದಾಡುತ್ತದೆ. ಬ್ರೇಕ್ ಒತ್ತಿದಾಗ ನೀರು ಮುಂದಕ್ಕೆ, ಏರಿನಲ್ಲಿ ಹಿಂದಕ್ಕೆ ನುಗ್ಗಿ ಕೊಕ್ಕೆಯ ಭಾರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಾಲ್ಕು ಗಾಲಿಯ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುವುದರಿಂದ ಕೊಕ್ಕೆಯ ಮೇಲೆ ಬೀಳುವುದು ಅತ್ಯಲ್ಪ.

ತೂಗಿ ನೋಡುವುದು

ವೇ ಬ್ರಿಡ್ಜ್‌ನಲ್ಲಿ ಎರಡು ಸಲ ತೂಗಿದರೆ ಸಾಕು. ಮೊದಲು ಬರೀ ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನು ಮಾತ್ರ ಹತ್ತಿಸಿ ತೂಗಬೇಕು. ನಂತರ ಹೇರಿದ ಟ್ರೇಲರ್ ಕಟ್ಟಿಕೊಂಡು ಅದೇ ಗಾಲಿಗಳನ್ನು ತೂಗಬೇಕು. ಎಷ್ಟು ಇಳಿಯಿತೋ ಅಷ್ಟು ಹಗುರಾಯಿತು ಎಂದರ್ಥ. ಇಳಿಕೆ ಹೆಚ್ಚಿದ್ದರೆ ಹೇರು ಸರಿಸಬೇಕು, ಇಲ್ಲವೇ ಮುಂದಿನ ಬಂಪರಿಗೆ ಕಬ್ಬಿಣದ ತೂಕದ ಬಿಲ್ಲೆಗಳನ್ನು ಕಟ್ಟಬೇಕು. ಹಿಂದಿನ ಟೈರಿಗೆ ನೀರು ತುಂಬಿಸುವುದರಿಂದ ಹಿಡಿತ ಬರುತ್ತದೆಯೇ ಹೊರತು ಮುಂದಿನ ಗಾಲಿಗಳ ಕೊರತೆ ತುಂಬುವುದಿಲ್ಲ. ಮಾದರಿವಾರು ತೂಕ, ಎಳೆಯುವ ಶಕ್ತಿಯ ವಿವರಗಳು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆಯ ವರದಿಗಳಲ್ಲಿ ಸಿಗುತ್ತವೆ.

ಅಮೆರಿಕದ ಸ್ಪ್ರಿಂಗ್ ಪಟ್ಟಿ ಕೊಕ್ಕೆ

ಕೊಕ್ಕೆಯ ಭಾರದ ಇದೇ ತೊಡಕು ಬೇರೆಡೆಯೂ ಇದೆ. ಅಮೆರಿಕ, ಕೆನಡಾಗಳಲ್ಲಿ ಕಾರು, ಪಿಕಪ್‌ಗಳ ಹಿಂದೆ ಮಲಗುವ ಕೋಣೆ, ಅಡುಗೆಮನೆ ಇರುವ ಪ್ರವಾಸಿ ಟ್ರೇಲರ್ ಎಳೆಯುತ್ತಾರೆ. ಅಲ್ಲಿ ಟ್ರೇಲರ್ ತೂಕದ ಶೇ. 10ರಿಂದ 15 ಕೊಕ್ಕೆಯ ಮೇಲಿರಬೇಕೆಂಬುದು ರೂಢಿ. ಇದರಿಂದ ಕಾರಿನ ಹಿಂಭಾಗ ಕುಸಿದು, ಮೂತಿ ಏಳುತ್ತದೆ. ಇದನ್ನು ತಿದ್ದಲು ಕೊಕ್ಕೆಯಿಂದ ಟ್ರೇಲರಿನ ಚೌಕಟ್ಟಿನವರೆಗೆ ಎರಡು ಗಟ್ಟಿ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳನ್ನು ಬಿಗಿಯುತ್ತಾರೆ. ಅವು ಸನ್ನೆಗೋಲಿನಂತೆ ಕೆಲಸ ಮಾಡಿ, ಭಾರದ ಒಂದು ಪಾಲನ್ನು ಕಾರಿನ ಮುಂದಿನ ಅಚ್ಚಿಗೂ ಇನ್ನೊಂದನ್ನು ಟ್ರೇಲರಿನ ಅಚ್ಚಿಗೂ ದಾಟಿಸುತ್ತವೆ.

ಜೋಡಿಸುವ ಕ್ರಮ ಸರಳ. ಪ್ರಯಾಣಕ್ಕೆ ಬೇಕಾದ ಸಾಮಾನನ್ನೆಲ್ಲ ತುಂಬಿ, ಸಮತಟ್ಟಾದ ನೆಲದಲ್ಲಿ ಮುಂದಿನ ಮಡ್‌ಗಾರ್ಡಿನ ಅಂಚಿನ ಎತ್ತರ ಅಳೆಯಬೇಕು. ಟ್ರೇಲರ್ ಕೂರಿಸಿ, ಪಟ್ಟಿ ಬಿಗಿಯುವ ಮುನ್ನ ಮತ್ತೆ ಅಳೆಯಬೇಕು. ಬಿಗಿದ ಮೇಲೆ ಮೂರನೆಯ ಅಳತೆ. ಮೇಲೆದ್ದ ಎತ್ತರದಲ್ಲಿ ಸುಮಾರು ಅರ್ಧದಷ್ಟಾದರೂ ಇಳಿಯಬೇಕೆಂದು ಹಲವು ತಯಾರಕರು ಹೇಳುತ್ತಾರೆ; ನಿಖರ ಗುರಿ ವಾಹನದ ಕೈಪಿಡಿಯಲ್ಲಿರುತ್ತದೆ. ಸಾಲದಿದ್ದರೆ ಪಟ್ಟಿ ಬಿಗಿಯುವ ಸರಪಳಿಯ ಕೊಂಡಿ ಅಥವಾ ಕೊಕ್ಕೆಯ ಓರೆ ಬದಲಿಸಿ ಮತ್ತೆ ಅಳೆಯಬೇಕು. ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು.

ಈ ಪಟ್ಟಿಗಳು ಒಟ್ಟು ತೂಕವನ್ನು ಕಡಿಮೆ ಮಾಡುವುದಿಲ್ಲ, ಹಿಂಭಾರವನ್ನು ಸರಿಪಡಿಸುವುದೂ ಇಲ್ಲ. ನಮ್ಮ ಟ್ರ್ಯಾಕ್ಟರಿಗೆ ಇವು ಹೊಂದುವುದಿಲ್ಲ. ಆದರೆ ಹೇರಿದ ಮೇಲೆ ಅಳೆದು ನೋಡುವ ಶಿಸ್ತು ಹೊಂದುತ್ತದೆ.

ಹೊರಡುವ ಮುನ್ನ

ಕೊಕ್ಕೆಯ ಪಿನ್ನಿಗೆ ಲಾಕ್ ಇದೆಯೇ, ಜೊತೆಗೆ ಸುರಕ್ಷತಾ ಸರಪಳಿ ಇದೆಯೇ ನೋಡಿ. ಎಡ ಬಲ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಕೂಡಿಸಿ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅದರ ನೂಕೆಲ್ಲ ಟ್ರ್ಯಾಕ್ಟರಿನ ಮೇಲೇ ಬೀಳುತ್ತದೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಕೆಳಗಿನ ಗೇರಿನಲ್ಲೇ ಇಳಿಯಿರಿ. ಹಿಂಬದಿಗೆ ಪ್ರತಿಫಲಕ ಪಟ್ಟಿ ಅಂಟಿಸಿ. ಹೇರಿನ ಮೇಲೆ ಜನರನ್ನು ಕೂರಿಸಬೇಡಿ.