ಬಿಸಿ ಇತ್ತು, ಗಾಳಿ ದಾರಿ ತಪ್ಪಿತ್ತು

ಇವತ್ತಿನ ಎಪಿಸೋಡು ರಾಜರ ಕಥೆಯಲ್ಲ, ಗಾಳಿಯ ಕಥೆ.

ನಮ್ದು ಚನ್ನಗಿರಿ ತಾಲ್ಲೂಕು. ಅಡಿಕೆ ಕೊಯ್ಲು ಶುರುವಾದಾಗ ಮಳೆ ಇನ್ನೂ ಬಿಟ್ಟಿರಲ್ಲ. ಹಸಿ ಕಾಯಿ ಸುಲಿದು, ಚೊಗರಲ್ಲಿ ಬೇಯಿಸಿ ಕಣದಲ್ಲಿ ಹರವ್ತೀವಿ. ಒಳ್ಳೇ ಬಿಸಿಲಿದ್ರೆ ಹೆಚ್ಚುಕಡಿಮೆ ಒಂದು ವಾರ. ಮೋಡ ಕವಿದ್ರೆ ಬೂಷ್ಟು. ಜಗಳೂರಿನ ಒಣ ಗಾಳೀಲಿ ಮೆಕ್ಕೆಜೋಳವನ್ನ ರಸ್ತೆ ಮೇಲೆ ಹರವಿದ್ರೂ ಒಣಗುತ್ತೆ. ನಮ್ಮಲ್ಲಿ, ಹೊನ್ನಾಳಿ-ನ್ಯಾಮತಿ ತೋಟಗಳಲ್ಲಿ, ಆ ಅದೃಷ್ಟ ಇಲ್ಲ.

ಈ ಕಷ್ಟ ಹೊಸದಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಒಲೆ ಮೇಲೆ ಅಟ್ಟ ಇರ್ತಿತ್ತು. ಬಿಸಿ ಗಾಳಿ ತಾನಾಗೇ ಮೇಲೇರಿ ಅಡಿಕೆ ನಡುವೆ ನುಗ್ಗುತ್ತಿತ್ತು. ಆದ್ರೆ ಒಲೆ ನೇರಕ್ಕಿದ್ದದ್ದು ಕರಕಲು, ಮೂಲೇಲಿದ್ದದ್ದು ಹಸಿ. ಹಾಗಾಗಿ ಮನೆ ಹೆಂಗಸರು ಆಗಾಗ ಕೈಯಾಡಿಸಬೇಕಿತ್ತು. ಗಾಳಿ ಹಂಚೋ ಕೆಲಸ ಮಾಡ್ತಿದ್ದದ್ದು ಅವರ ಕೈಗಳು.

1950ರಲ್ಲಿ ಮೈಸೂರಲ್ಲಿ ಸಿಎಫ್‌ಟಿಆರ್‌ಐ ಶುರುವಾಯ್ತು. ಆಹಾರ ಒಣಗಿಸೋದು ಪ್ರಯೋಗಾಲಯದ ವಿಷಯವೂ ಆಯ್ತು. 1965ರಲ್ಲಿ ಭದ್ರಾ ಅಣೆಕಟ್ಟು ಮುಗಿದು ಈ ಕಡೆಗೆ ಕಾಲುವೆ ನೀರು ಬಂತು. ಆಮೇಲೆ ಬೋರ್‌ವೆಲ್‌ಗಳೂ ಬಂದ್ವು, ತೋಟ ಬೆಳೀತು. ಅಷ್ಟು ಅಡಿಕೆ ಯಾವ ಅಟ್ಟದಲ್ಲೂ ಹಿಡಿಸಲ್ಲ. ಡ್ರೈಯರ್ ಬಂದದ್ದು ಹೀಗೆ.

ನಮ್ಮಪ್ಪನೂ ಸಾಲ ಮಾಡಿ ಒಂದು ತಂದ್ರು. ಮೊದಲ ಮಳೆಗಾಲದಲ್ಲೇ ನಡುವಿನ ಟ್ರೇ ಅಡಿಕೆ ಸುಕ್ಕುಗಟ್ಟಿತು, ಅಂಚಿನದ್ದು ಬೂಷ್ಟು ಹಿಡೀತು. ಅಪ್ಪ ಇನ್ನಷ್ಟು ಕಟ್ಟಿಗೆ ಹಾಕಿದ್ರು. ಹೊರಗೆ ಗಟ್ಟಿಯಾಯ್ತು, ಒಳಗೆ ತೇವ ಹಾಗೇ ಉಳೀತು. ಮಂಡಿಯಲ್ಲಿ ಒಡೆದು ನೋಡಿ ರೇಟು ಇಳಿಸಿದ್ರು. ಬಿಕಾಂ ಓದಿದ ನಾನು ಕೂತು ಲೆಕ್ಕ ಹಾಕಿದೆ: ಕಟ್ಟಿಗೆ ಖರ್ಚು ಏರಿತ್ತು, ಆದಾಯ ಇಳಿದಿತ್ತು.

ತಪ್ಪಿದ್ದದ್ದು ಎಲ್ಲಿ? ಗಾಳಿ ಸೋಮಾರಿ, ಅಡ್ಡಿ ಕಡಿಮೆ ಇರೋ ದಾರೀಲೇ ಹೋಗುತ್ತೆ. 25 ಡಿಗ್ರಿ ಗಾಳೀನ 35ಕ್ಕೆ ಕಾಯಿಸಿದ್ರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು ತೇವ ಹೊರಬಲ್ಲದು. ಆದ್ರೆ ಅಡಿಕೆ ಮುಟ್ಟದೇ ನಡುವಿನಿಂದ ನುಸುಳಿ ಹೋದ್ರೆ ಆ ಶಕ್ತಿ ಇದ್ದೂ ದಂಡ.

ಊರಿನ ವೆಲ್ಡಿಂಗ್ ಅಣ್ಣ ಫ್ಯಾನ್ ಮುಂದೆ ಒಂದಿಷ್ಟು ಖಾಲಿ ಜಾಗ ಬಿಟ್ಟು ತೂತಿನ ತಗಡು ಕೂರಿಸಿದ್ರು. ಆ ಅಡ್ಡಿಯಿಂದ ಗಾಳಿ ಅಗಲಕ್ಕೆ ಹರಡ್ತು. ಅಂಚಿಗೆ ತಿರುಗಿಸೋಕೆ ಓರೆ ತಗಡು ಹಾಕಿದ್ರು, ಟ್ರೇಗಳ ನಡುವಿನ ಸಂದಿ ಸಮ ಮಾಡಿದ್ರು. ದೊಡ್ಡ ಕಾರ್ಖಾನೆಗಳ ಡ್ರೈಯರ್‌ನಲ್ಲೂ ಸೂತ್ರ ಇದೇ.

ಅಜ್ಜಿ ಬಂದು ಮೂಲೆ ಟ್ರೇಯಿಂದ ಒಂದಡಿಕೆ ತೆಗೆದು ಹಲ್ಲಲ್ಲಿ ಕಚ್ಚಿ ನೋಡಿದ್ರು. "ಈಗ ಒಣಗೈತೆ ಕಣೋ. ಆದ್ರೂ ಒಂದ್ಸಲ ಕೈಯಾಡಿಸು" ಅಂದ್ರು.

ನಾನು ಈಗಲೂ ಆಡಿಸ್ತೀನಿ. ನೀವು ಡ್ರೈಯರ್ ಕೊಳ್ಳೋಕೆ ಹೋದ್ರೆ ಎಷ್ಟು ಡಿಗ್ರಿ ಬಿಸಿ ಅಂತ ಮಾತ್ರ ಕೇಳ್ಬೇಡಿ. ನಾಲ್ಕೂ ಮೂಲೇಲಿ ಥರ್ಮಾಮೀಟರ್ ಇಟ್ಟು ತೋರಿಸಿ ಅನ್ನಿ. ಮುಂದಿನ ವಾರ ಸಿಗೋಣ.